ಕುರ್ಲಾ ಆದಮೇಲೆ ಯಾವ ಸ್ಟೇಷನ್?

ಕಳೆದ ವಾರ ಕುರ್ಲಾದ ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ವರ್ಗವಾಗಿ ಮುಂಬೈಗೆ ಬಂದು ಇಷ್ಟು ದಿನವಾದರೂ ಮುಖ ತೋರಿಸಿಲ್ಲವೆಂದು ಅವಳು ಫೋನಿನಲ್ಲಿ ಚೆನ್ನಾಗಿ ಬೈದಮೇಲೆ ಹೊರಟಿದ್ದು. ಅವಳಿದ್ದ ಒಂದೊಂದೇ ಕೋಣೆಯ ಮನೆಗಳ ಹಳೆಯ ಚಾಳು ಕೆಡವಿದ ಜಾಗದಲ್ಲಿ ಈಗ ಬಿಲ್ಡಿಂಗ್ ಎದ್ದಿದೆ. ಲಿಫ್ಟ್ ಇದೆ, ಲಿಫ್ಟಿನೊಳಗೆ ಕನ್ನಡಿಯೂ ಇದೆ. ಇದು ಅವಳ ಮನೆಯೇ ಹೌದೋ ಅಲ್ಲವೋ ಎಂದು ಅನುಮಾನಪಡುತ್ತಲೇ ಬೆಲ್ ಒತ್ತಿದೆ. ಬಾಗಿಲು ತೆರೆದದ್ದೇ ತಡ, ಒದ್ದೆ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು, ಅನುಮಾನ ಪರಿಹಾರವಾಯಿತು. ಮುಂಬೈಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಸುಮ್ಮನೆ ಹಳೆಯದಾಗುತ್ತದೆ. ಹೊಸ ಮನೆಯ ಹಾಲ್‌ನಲ್ಲೂ ಅತ್ತೆ ಅಡ್ಡಡ್ಡ ಹಗ್ಗ ಕಟ್ಟಿ, ಫ್ಯಾನು ಹಾಕಿ, ವಾಸನೆ ಹೋಗಲೆಂದು ಲೋಬಾನದ ಹೊಗೆ ಹಿಡಿದಿದ್ದಳು.

ಆ ವಾಸನೆಯ ಬೆನ್ನಿಗೇ ಒಂದು ಮಳೆಗಾಲ ಬಂದು ನಿಂತಿತು. ಆ ಮಳೆಗಾಲದಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗಿ ಇದೇ ಅತ್ತೆಯ ಮಗಳು ಶ್ರದ್ಧಾ. ಈ ಸಂಗತಿ ಎರಡೂ ಮನೆಯ ಹಿರಿಯರಿಗೆ, ವಿಜಯಪುರದ ನೆಂಟರಿಷ್ಟರಿಗೆ, ಕೊನೆಗೆ ಚಾಳಿನ ಅಕ್ಕಪಕ್ಕದವರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ನಾನು ಮತ್ತು ಶ್ರದ್ಧಾ. ನನ್ನ ಪರೀಕ್ಷೆ ಮುಗಿಯುವವರೆಗೆ ಹುಡುಗರ ತಲೆ ಕೆಡಿಸುವುದು ಬೇಡ ಎಂದು ಹಿರಿಯರು ಬಾಯಿ ಹೊಲಿದುಕೊಂಡಿದ್ದರು. ತಲೆ ಕೆಡದೆ ಉಳಿಯಿತೇ ಎಂದು ಮಾತ್ರ ಕೇಳಬೇಡಿ.

ನಾನು ಆಗ ಡಿಗ್ರಿ ಮುಗಿಸಿ ಸರಕಾರಿ ನೌಕರಿಯ ಪರೀಕ್ಷೆಗಳನ್ನು ಬರೆಯುತ್ತಾ ಕೂತಿದ್ದೆ. ಲೆಕ್ಕ ಬರುತ್ತಿತ್ತು, ಇತಿಹಾಸ ಬರುತ್ತಿತ್ತು. ಹಳ್ಳ ಹಿಡಿಯುತ್ತಿದ್ದುದು ಒಂದೇ ಕಡೆ, ಆ ಹಾಳು ಒಗಟಿನಂಥ ಪ್ರಶ್ನೆಗಳಲ್ಲಿ. ಇವುಗಳ ನಡುವಿನ ಸಂಬಂಧವೇನು, ಸಾಲಿನಲ್ಲಿ ಮುಂದಿನದು ಯಾವುದು, ಗುಂಪಿಗೆ ಸೇರದ್ದು ಯಾವುದು. “ಮುಂಬೈದಾಗ ಕ್ಲಾಸ್ ಚಲೋ ಇರ್ತಾವು, ಇಲ್ಲೇ ಬಂದು ಇರಲಿ” ಎಂದು ಅತ್ತೆ ಫೋನು ಮಾಡಿದಳು. ನಮ್ಮಪ್ಪ ಅಷ್ಟು ಬೇಗ ಒಪ್ಪಿದ್ದು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ಒಂದು ಚೀಲ ಜೋಳದ ಹಿಟ್ಟು ಹೊತ್ತುಕೊಂಡು ಕುರ್ಲಾದಲ್ಲಿ ಇಳಿದೆ.

ಅತ್ತೆಯದು ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಏಣಿ ಹತ್ತಿ ಹೋಗುವ ಪೋಟಮಾಳಾ. ನಿಂತರೆ ಸೂರು ತಲೆಗೆ ತಾಗುವ ಆ ಅಟ್ಟ ಶ್ರದ್ಧಾಳ ಸಾಮ್ರಾಜ್ಯ. ಅತ್ತೆಯ ಗಂಡ, ಅಂದರೆ ಮಾಮಾ, ಜೋಗೇಶ್ವರಿಯ ಒಂದು ಸಣ್ಣ ಕಾರಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಲೋಕಲ್ ಹಿಡಿದರೆ ಸಂಜೆ ತೊಯ್ದ ಪ್ಯಾಂಟಿನ ಕಾಲು ಮಡಚಿಕೊಂಡು ಬರುತ್ತಿದ್ದರು, ಮಾತು ಕಡಿಮೆ. ಮಾತೆಲ್ಲ ಶ್ರದ್ಧಾಳದು. ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು, ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಆಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿಯ ಕೈ ಹಿಡಿಯುತ್ತಿದ್ದಳು. ಕಾಲೇಜಿನ ಕ್ವಿಜ್ ತಂಡದಲ್ಲಿದ್ದಳು. ಯಾವ ಪ್ರಶ್ನೆ ಕಂಡರೆ ನನಗೆ ಬೆವರು ಬರುತ್ತಿತ್ತೋ ಅದೇ ಪ್ರಶ್ನೆ ಅವಳಿಗೆ ಪೇಡೆ ತಿಂದಷ್ಟು ಖುಷಿ ಕೊಡುತ್ತಿತ್ತು.

ಮೊದಲ ದಿನವೇ ಅವಳು ನನ್ನನ್ನು “ದಾದಾ” ಎಂದಳು. ನಮ್ಮ ಕಡೆಯಾದರೆ ಸೋದರಮಾವನ ಮಗನನ್ನು ಹೆಣ್ಣುಮಕ್ಕಳು ಮಾಮಾ ಎನ್ನುತ್ತಾರೆ, ಹಾಗೆನ್ನುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವುದೂ ಉಂಟು. ಮುಂಬೈಯಲ್ಲಿ ತನಗಿಂತ ದೊಡ್ಡವನು ಯಾರೇ ಆಗಲಿ ದಾದಾ. ಅಣ್ಣ. ಅತ್ತೆಯ ಕೈಯಲ್ಲಿನ ಲಟ್ಟಣಿಗೆ ಒಂದು ಗಳಿಗೆ ನಿಂತಿತು, ಆದರೆ ಅವಳೂ ತಿದ್ದಲಿಲ್ಲ. ತಿದ್ದಿದ್ದರೆ ಗುಟ್ಟು ರಟ್ಟಾಗುತ್ತಿತ್ತಲ್ಲ.

ದಾದರಿನ ಕ್ಲಾಸಿಗೆ ಹೋಗಿ ಬಂದು ಊಟವಾದ ಮೇಲೆ ನಾನು ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಕೂರುತ್ತಿದ್ದೆ. ಶ್ರದ್ಧಾ ಪೋಟಮಾಳಾದ ಏಣಿಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ಪ್ರಶ್ನೆ ಎಸೆಯುತ್ತಿದ್ದಳು.

“ಕಾವೇರಿ, ಕೃಷ್ಣಾ, ಗೋದಾವರಿ, ನರ್ಮದಾ. ಯಾವುದು ಅಲಗ್?”

“ಕಾವೇರಿ” ಎಂದೆ. “ಉಳಿದವು ಮೂರೂ ಮಹಾರಾಷ್ಟ್ರ ಮುಟ್ಟಿ ಹೋಗ್ತಾವು.”

“ತಪ್ಪು. ನರ್ಮದಾ. ಅದೊಂದೇ ಪಶ್ಚಿಮಕ್ಕ ಹರೀತದ.”

“ನಂದೂ ಖರೇನೇ ಐತಲ್ಲ?”

“ಖರೇ ಐತಿ. ಮಾರ್ಕ್ಸ್ ಇಲ್ಲ.”

ಇದೇ ನನ್ನ ಸಂಕಟ. ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ ಎಂದಲ್ಲ, ಎರಡು ಮೂರು ಗೊತ್ತಿರುತ್ತಿದ್ದವು. ಪ್ರಶ್ನೆ ಕೇಳುವವರಿಗೆ ಒಂದೇ ಬೇಕು, ಅದೂ ಅವರ ಮನಸ್ಸಿನಲ್ಲಿರುವುದೇ ಬೇಕು. ಜಗತ್ತಿನಲ್ಲಿ ಯಾವುದಕ್ಕೆ ಯಾವುದರ ಸಂಬಂಧವಿಲ್ಲ ಹೇಳಿ? ಹುಡುಕುತ್ತಾ ಹೋದರೆ ಬದನೆಕಾಯಿಗೂ ರೈಲ್ವೆ ಟಿಕೆಟ್ಟಿಗೂ ನಂಟು ಸಿಗುತ್ತದೆ. ಕ್ಲಾಸಿನ ಸರ್ ಮಾತ್ರ ಪ್ರತಿದಿನ ಹಲಗೆಗೆ ಗುದ್ದಿ, ಪ್ರಶ್ನೆ ಕೇಳಿದವನ ತಲೆಯೊಳಗೆ ಹೊಕ್ಕು ನೋಡಿ ಎನ್ನುತ್ತಿದ್ದರು. ನನ್ನ ತಲೆಯೊಳಗೆ ಹೊಕ್ಕರೇ ಹೊರಗೆ ಬರುವ ದಾರಿ ಸಿಗುತ್ತಿರಲಿಲ್ಲ, ಇನ್ನು ಪರರ ತಲೆ.

ಒಮ್ಮೆ ಅವಳು ಕೇಳಿದಳು, “ಕುರ್ಲಾ ಆದಮ್ಯಾಲ ಯಾವ ಸ್ಟೇಷನ್?”

ಇದನ್ನಾದರೂ ಬಿಡಬಾರದು ಎಂದು ಎದೆಯುಬ್ಬಿಸಿ ಹೇಳಿದೆ, “ವಿದ್ಯಾವಿಹಾರ.” ಸೆಂಟ್ರಲ್ ಲೈನು ನನಗೆ ಬಾಯಿಪಾಠವಾಗಿತ್ತು.

“ತಪ್ಪು. ತಿಲಕನಗರ.”

“ಅದ್ಹೆಂಗ?”

“ನಾ ಹಾರ್ಬರ್ ಲೈನಿನ ಪ್ಲಾಟ್‌ಫಾರಂ ಮ್ಯಾಲ ನಿಂತೀನಿ. ಎಲ್ಲಿ ನಿಂತೀನಿ ಅಂತ ನೀ ಕೇಳಲೇ ಇಲ್ಲ!”

ಕೋಪ ಬಂತು. ಅವಳು ನಕ್ಕದ್ದು ನೋಡಿ ಕೋಪ ಹೋಯಿತು. ಅದು ಯಾಕೆ ಅಷ್ಟು ಬೇಗ ಹೋಯಿತು ಎಂದು ಆಗ ಯೋಚಿಸಲಿಲ್ಲ.

ರಕ್ತಸಂಬಂಧದ ಪ್ರಶ್ನೆಗಳಲ್ಲಂತೂ ನಾನು ಪೂರಾ ತಬ್ಬಿಬ್ಬು. ಒಬ್ಬಳ ಕಡೆ ಬೆರಳು ತೋರಿಸಿ ಒಬ್ಬ ಗಂಡಸು ಹೇಳುತ್ತಾನೆ, ಇವಳ ತಾಯಿ ನನ್ನ ತಂದೆಯ ತಂಗಿ ಎಂದು. ಹಾಗಾದರೆ ಅವಳು ಅವನಿಗೆ ಏನಾಗಬೇಕು? ನಾನು ಪೆನ್ನು ಕಚ್ಚುತ್ತಾ ಕೂತೆ. ಸೋದರತ್ತೆಯ ಮಗಳು ಎಂಬ ಉತ್ತರ ಅಲ್ಲಿರಲಿಲ್ಲ. ಶ್ರದ್ಧಾ ಮೇಲಿನಿಂದಲೇ ಬಗ್ಗಿ ನೋಡಿ, “ಕಸಿನ್. ಕಸಿನ್ ಅಂದ್ರ ಕಸಿನ್, ಭಾಯಿ ಬೆಹೆನ್. ಇತನಾ ಕಾಯಕೋ ಸೋಚ್ತಾ ಹೈ?” ಎಂದಳು. ನಾನು ಕಸಿನ್ ಎಂದು ಗುರುತು ಹಾಕಿದೆ. ಆ ಪ್ರಶ್ನೆಯಲ್ಲಿದ್ದವರು ನಾವಿಬ್ಬರೇ ಎಂಬುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮನೆಯಲ್ಲಿ ಮಾತ್ರ ಒಂದರ ಹಿಂದೊಂದು ವಿಚಿತ್ರ ನಡೆಯುತ್ತಲೇ ಇತ್ತು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನನಗೆ, ಅದರ ಮೇಲೆ ಬೆಣ್ಣೆ ಬೇರೆ. ಮಾಮಾ ಒಂದು ಭಾನುವಾರ ದಾರ ತಂದು ನನ್ನ ಬೆರಳಿಗೆ ಸುತ್ತಿ ಅಳತೆ ತೆಗೆದುಕೊಂಡರು. “ಏನ್ ಮಾಮಾ ಇದು?” ಎಂದರೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, “ಪುಷ್ಯರಾಗದ ಉಂಗುರ. ಗುರುಬಲ ಬರ್ತೈತಿ” ಎಂದರು. ಅವ್ವ ಫೋನು ಮಾಡಿದಾಗೆಲ್ಲ ನನ್ನ ಓದು ಕೇಳುವುದು ಬಿಟ್ಟು ಶ್ರದ್ಧಾ ರೊಟ್ಟಿ ಬಡಿಯುತ್ತಾಳೋ ಇಲ್ಲವೋ ಎಂದು ಕೇಳುತ್ತಿದ್ದಳು. ನಾನು ದಾದರಿಗೆ ಹೊರಟರೆ ಅತ್ತೆ, “ಶ್ರದ್ಧಾನೂ ಕರಕೊಂಡ್ಹೋಗು, ಆಕಿಗೂ ಪುಸ್ತಕ ತರೂದೈತಿ” ಎಂದು ಜೊತೆ ಹಾಕುತ್ತಿದ್ದಳು. ಸಾಲಿನ ಮುಂದಿನದು ಯಾವುದು ಎಂದು ದಿನವಿಡೀ ತಲೆ ಕೆರೆದುಕೊಳ್ಳುವವನ ಕಣ್ಣೆದುರೇ ಇಷ್ಟು ದೊಡ್ಡ ಸಾಲು ಬೆಳೆಯುತ್ತಿತ್ತು. ನಾನು ತಿಳಿದುಕೊಂಡದ್ದು ಇಷ್ಟೇ, ಪಾಪ, ಇವರಿಗೆಲ್ಲ ನನ್ನ ಪರೀಕ್ಷೆಯದೇ ಚಿಂತೆ.

ಆಷಾಢ ಮುಗಿಯುವ ಹೊತ್ತಿಗೆ ಗ್ರಾಂಟ್ ರೋಡಿನ ಹತ್ತಿರದ ಒಂದು ಹಾಲ್‌ನಲ್ಲಿ ಕ್ವಿಜ್ ಇತ್ತು. ಇಬ್ಬಿಬ್ಬರ ಜೋಡಿ, ಯಾರು ಬೇಕಾದರೂ ಬರಬಹುದು. ಶ್ರದ್ಧಾಳ ಗೆಳತಿಗೆ ಜ್ವರ ಬಂದು, ಅವಳು ನನ್ನನ್ನೇ ಎಳೆದುಕೊಂಡು ಹೋದಳು. ನಾನು ಬಾಯಿ ಬಿಡಬಾರದು, ಪಕ್ಕದಲ್ಲಿ ಸುಮ್ಮನೆ ಕೂರಬೇಕು ಎಂದು ಒಪ್ಪಂದವಾಗಿತ್ತು. ಅವಳೊಬ್ಬಳೇ ಉತ್ತರಿಸುತ್ತಾ ನಮ್ಮನ್ನು ಕೊನೆಯ ಸುತ್ತಿನವರೆಗೂ ತಂದಳು. ಆಗ ಕ್ವಿಜ್ ಮಾಸ್ತರ ಕೇಳಿದ, “ಹಾಥಿ, ಘೋಡಾ, ಊಂಟ್. ಆಗೇ ಕ್ಯಾ?” ಆನೆ, ಕುದುರೆ, ಒಂಟೆ. ಮುಂದೇನು? ಇದಕ್ಕಿಂತ ಸುಲಭ ಉಂಟೇ! ಭಾರ ಹೊರುವ ಪ್ರಾಣಿಗಳು. ನಾನು ಒಪ್ಪಂದ ಮರೆತು ಗುಂಡಿ ಒತ್ತಿ, “ಬೈಲ್!” ಎಂದು ಕೂಗಿದೆ. ಎತ್ತು.

ಸಭೆಯಲ್ಲಿ ಎದ್ದ ನಗು ಇನ್ನೂ ಕಿವಿಯಲ್ಲಿದೆ. ಅದು ಚದುರಂಗದ ಮಣೆಯಂತೆ, ಮುಂದಿನದು ಮಂತ್ರಿಯಂತೆ. ಗೆಲ್ಲುವುದು ತಪ್ಪಿತು. ಶ್ರದ್ಧಾ ಬೈಯುತ್ತಾಳೆಂದು ಹೆದರಿ ನೋಡಿದರೆ, ಅವಳು ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಹೊರಗೆ ಮಳೆ ಜಡಿಯುತ್ತಿತ್ತು. ಒಂದೇ ಛತ್ರಿಯಲ್ಲಿ ಅರ್ಧರ್ಧ ತೋಯುತ್ತಾ ಅಲ್ಲೇ ಇದ್ದ ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ನಾವು ಆಡುವ ಮಾತು ಕೇಳಿ ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದವರು, “ಊರು ಯಾವುದು ಮಾರಾಯ್ರೇ? ವಿಜಾಪುರದ ಕಡೆಯವರಾ?” ಎಂದು ಮಾತಿಗೆಳೆದರು. ನಾನು ಹೌದೆಂದೆ. ಅವರು ಶ್ರದ್ಧಾಳ ಕಡೆ ನೋಡಿ, “ಇವರು?” ಎಂದರು. ಅವಳು ದೋಸೆ ಮುರಿಯುತ್ತಾ, “ನಾ ಇವನ ತಂಗಿ. ಮೇರಾ ದಾದಾ ಹೈ” ಎಂದಳು. ಚಟ್ನಿ ಚೆನ್ನಾಗಿತ್ತು, ಸಾಂಬಾರು ಬಿಸಿಯಿತ್ತು, ಅವಳು ಸರಿಯಾದದ್ದನ್ನೇ ಹೇಳಿದ್ದಳು. ಆದರೂ ಗಂಟಲಲ್ಲಿ ದೋಸೆ ಇಳಿಯದೆ ನಿಂತಿತು. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಶ್ರಾವಣ ಬಂತು. ನಮಗೂ ಮರಾಠಿಯವರಿಗೂ ಬಂತು ಎನ್ನಬೇಕು, ಕೆಳಗಿನ ಖೋಲಿಯ ಬನಾರಸದವರಿಗೆ ಅದು ಎಂದೋ ಬಂದು ಅರ್ಧ ಮುಗಿದಿತ್ತು. ಒಂದೇ ಚಾಳಿನಲ್ಲಿ ತಿಂಗಳಿಗೂ ಎರಡು ಉತ್ತರ. ಅಪ್ಪ ಅವ್ವ ನಾಗರಪಂಚಮಿಗೆ ಶೇಂಗಾ, ಎಳ್ಳಿನ ಉಂಡಿ ತೆಗೆದುಕೊಂಡು ಬರುವವರಿದ್ದರು. ಪಂಚಮಿಗೆ ತಂಗಿಗೆ ಉಂಡಿ ಕೊಡುವುದು ಅಣ್ಣನ ಹಕ್ಕು. ಆದರೆ ಆ ವಾರ ಮಳೆ ಎಷ್ಟು ಹುಯ್ದಿತೆಂದರೆ ಹಳಿಯ ಮೇಲೆ ನೀರು ನಿಂತು, ಗಾಡಿ ರದ್ದಾಗಿ, ಅವರು ಬರುವುದು ನೂಲ ಹುಣ್ಣಿಮೆಗೆ ಹೋಯಿತು. ಅತ್ತೆ ಆ ಸುದ್ದಿ ಕೇಳಿ ಯಾಕೆ ಅಷ್ಟು ಪೇಚಾಡಿದಳೋ, ಉಂಡಿಗೇಕೆ ಇಷ್ಟು ಅವಸರ ಎಂದುಕೊಂಡೆ.

ಆ ನಡುವಿನ ದಿನಗಳಲ್ಲೇ ಅದು ನಡೆದದ್ದು. ಮಧ್ಯಾಹ್ನ ನಾನು ಗ್ಯಾಲರಿಯಲ್ಲಿ ಓದುತ್ತಿದ್ದೆ. ಪಕ್ಕದ ಖೋಲಿಯ ಕಾಕು, ಸಾತಾರಾ ಕಡೆಯ ಮರಾಠಿ ಹೆಂಗಸು, ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅಂದು ತಡೆಯಲಾರದೆ ಕೇಳಿಬಿಟ್ಟಳು. “ಸಂಗೂ, ತುಮಚ್ಯಾತ ಆತ್ಯಾಚ್ಯಾ ಮುಲೀಶೀ ಲಗ್ನ ಚಾಲತಂ ಕಾ ರೇ?” ನಿಮ್ಮಲ್ಲಿ ಅತ್ತೆಯ ಮಗಳ ಜೊತೆ ಮದುವೆ ನಡೆಯುತ್ತದೆಯೇ ಎಂದು.

ಯಾವ ಗಂಡಸಾದರೂ ಈ ಪ್ರಶ್ನೆ ನನಗೇಕೆ ಎಂದು ಕೇಳುತ್ತಿದ್ದ. ನಾನು ಆಗ ಏನು ಕೇಳಿದರೂ ಸಾಮಾನ್ಯ ಜ್ಞಾನದ ಪ್ರಶ್ನೆಯೆಂದೇ ತಿಳಿಯುವ ಸ್ಥಿತಿಯಲ್ಲಿದ್ದೆ. ಎಂದೂ ಇಲ್ಲದ ಉತ್ಸಾಹ ಬಂತು, ಯಾಕೆಂದರೆ ಉತ್ತರ ಗೊತ್ತಿತ್ತು, ಅದೂ ಖಚಿತವಾಗಿ. ಗ್ಯಾಲರಿಯ ಕಠಡೆಯ ಮೇಲೆ ಒದ್ದೆ ಬೆರಳಿನಿಂದ ಗೆರೆ ಎಳೆದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಅಣ್ಣನ ಮಗ ಇಲ್ಲಿ, ತಂಗಿಯ ಮಗಳು ಇಲ್ಲಿ, ಇವರಿಬ್ಬರ ಮದುವೆ ನಡೆಯುತ್ತದೆ. ಅಣ್ಣನ ಮಗ, ತಮ್ಮನ ಮಗಳು, ಇವರು ಮಾತ್ರ ಅಣ್ಣ ತಂಗಿ. ಸೋದರಮಾವನ ಮಗಳೂ ಆಗುತ್ತದೆ, ಅಕ್ಕನ ಮಗಳೂ ಆಗುತ್ತದೆ. ಕ್ಲಾಸಿನ ಸರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಕಾಕು ಬಾಯಿ ತೆರೆದು ಕೇಳಿದಳು. ಅವರಲ್ಲಿ ಮಾವನ ಮಗಳು ಸರಿಯಂತೆ, ಅತ್ತೆಯ ಮಗಳೆಂದರೆ ತಂಗಿಯಂತೆ. “ಅಸಂ ಕಸಂ?” ಅದು ಹೇಗೆ, ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡಳು. ಆಮೇಲೆ ಕಣ್ಣು ಮಿಟುಕಿಸಿ, “ಮಂಗ ತೂ ಪಣ ಕರಣಾರ ಕಾ?” ಎಂದಳು. ಹಾಗಾದರೆ ನೀನೂ ಮಾಡಿಕೊಳ್ಳುತ್ತೀಯಾ?

ಕಕ್ಕಾಬಿಕ್ಕಿಯಾದೆ. ಮುಖ ಬಿಸಿಯಾಯಿತು. “ಛೇ ಛೇ, ನಾನಾ? ನಹೀಂ ಕಾಕು, ಮೈ ಕಾಯಕೋ!” ಎಂದು ಜೋರಾಗಿ ನಕ್ಕೆ. ಅದು ನಗುವೇ ಅಲ್ಲ, ನಾಚಿಕೆ ಮುಚ್ಚಿಕೊಳ್ಳುವ ಸದ್ದು. ತಿರುಗಿದರೆ ಬಾಗಿಲಲ್ಲಿ ಶ್ರದ್ಧಾ ನಿಂತಿದ್ದಳು, ಕೈಯಲ್ಲಿ ಖಾಲಿ ಕಪ್ಪು.

“ಚಾ ಕುಡೀತಿಯೇನು ದಾದಾ?” ಎಂದಳು.

ಅಂದಿನಿಂದ ಅವಳ ಪ್ರಶ್ನೆಗಳು ನಿಂತುಹೋದವು. ಏಣಿಯ ಮೆಟ್ಟಿಲು ಖಾಲಿ. ನಾನು ಪುಸ್ತಕ ಹಿಡಿದು ಕೂತಲ್ಲೇ ಕೂತೆ, ಅವಳು ಮೇಲೆಯೇ ಇರುತ್ತಿದ್ದಳು. ಕರೆದರೆ “ಅಭೀ ನಹೀಂ” ಎನ್ನುತ್ತಿದ್ದಳು. ಏನು ತಪ್ಪಾಯಿತೋ ತಿಳಿಯಲಿಲ್ಲ. ಗ್ರಾಂಟ್ ರೋಡಿನಲ್ಲಿ ಸೋಲಿಸಿದ್ದಕ್ಕೆ ಈಗ ಸಿಟ್ಟು ಬಂತೇ? ಇಷ್ಟು ತಡವಾಗಿ? ನನ್ನ ಪರೀಕ್ಷೆ ಹತ್ತಿರ ಬಂದಿತ್ತು, ನಾನು ಓದುತ್ತಿದ್ದುದು ಮಾತ್ರ ಅವಳ ಕಾಲ ಸಪ್ಪಳ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅವಳಾಗಿಯೇ ಬಂದು ಏಣಿಯ ಮೇಲೆ ಕೂತಳು. “ತೆಂಗಿನಕಾಯಿ, ಜನಿವಾರ, ರಾಖಿ. ಕನೆಕ್ಷನ್ ಹೇಳು.”

ಇದು ಗೊತ್ತಿತ್ತು. ಮುಂಬೈಯ ಕೋಳಿ ಜಾತಿಯ ಬೆಸ್ತರು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ದಿನ, ಜನಿವಾರದವರು ಜನಿವಾರ ಬದಲಿಸುವ ದಿನ, ತಂಗಿ ಅಣ್ಣನಿಗೆ ರಾಖಿ ಕಟ್ಟುವ ದಿನ. ಮೂರೂ ಒಂದೇ. “ನೂಲ ಹುಣ್ಣಿಮಿ” ಎಂದೆ ತಟ್ಟನೆ. “ನಾಳೆ!”

ಮೊದಲ ಸಲ ಒಂದೇ ಏಟಿಗೆ ಸರಿ ಹೇಳಿದ್ದೆ. ಅವಳು ಚಪ್ಪಾಳೆ ತಟ್ಟಬಹುದೆಂದು ಕಾದೆ. “ಹೂಂ” ಎಂದು ಎದ್ದು ಹೋದಳು.

ಮಧ್ಯಾಹ್ನ ಅಪ್ಪ ಅವ್ವ ಬಂದರು. ಉಂಡಿಯ ಡಬ್ಬಿಯ ಜೊತೆ ಅವ್ವನ ಚೀಲದಲ್ಲಿ ಹಸಿರು ಇಳಕಲ್ ಸೀರೆಯಿತ್ತು. ಊಟವಾದ ಮೇಲೆ ಅಪ್ಪ ಎಲೆ ಅಡಿಕೆ ಹಾಕಿಕೊಂಡು, ಎಮ್ಮೆ ವ್ಯಾಪಾರ ಮುಗಿಸಿದಷ್ಟು ಸಲೀಸಾಗಿ ಹೇಳಿದ, “ನಾಳೆ ದಿನ ಚಲೋ ಐತಿ. ಮಾತು ಪಕ್ಕಾ ಮಾಡಿಬಿಡೂನು. ನಿನಗ ಶ್ರದ್ಧಾನ ತರೂದು ಅಂತ ಆಗೈತಿ.” ಪರೀಕ್ಷೆ ಮುಗಿಯುವವರೆಗೆ ತಡೆಯಲು ಅವನಿಂದ ಆಗಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತೆ ಶ್ರದ್ಧಾಳಿಗೆ ಅದನ್ನೇ ಹೇಳುತ್ತಿದ್ದಳು. ಮಾಮಾ ಮೊದಲ ಬಾರಿಗೆ ಹಲ್ಲು ಬಿಟ್ಟು ನಕ್ಕು ಪೆಟ್ಟಿಗೆಯಿಂದ ಉಂಗುರ ತೆಗೆದು ತೋರಿಸಿದರು. ಅದರಲ್ಲಿ ಪುಷ್ಯರಾಗವೂ ಇರಲಿಲ್ಲ, ಯಾವ ರಾಗವೂ ಇರಲಿಲ್ಲ.

ಬೆಣ್ಣೆ ಹಚ್ಚಿದ ರೊಟ್ಟಿ, ಬೆರಳಿನ ದಾರ, ಅವ್ವನ ಫೋನು, ಎಲ್ಲವೂ ಒಟ್ಟಿಗೇ ಅರ್ಥವಾಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ಸಂತೋಷ ಆ ಮೊದಲು ನನಗೆ ಆಗಿರಲಿಲ್ಲ. ಹೋಟೆಲಿನಲ್ಲಿ ದೋಸೆ ಯಾಕೆ ಇಳಿಯಲಿಲ್ಲ ಎಂಬುದೂ ಆಗಲೇ ತಿಳಿಯಿತು. ಶ್ರದ್ಧಾ ಅಡುಗೆಮನೆಯಿಂದ ಹೊರಬಂದಳು, ನನ್ನ ಮುಖವನ್ನು ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ. ಹಿರಿಯರ ಮುಂದೆ ನಮ್ಮ ಕಡೆಯ ಗಂಡು ಮಾಡುವುದು ಅಷ್ಟೇ. ಅವಳು ಚಪ್ಪಲಿ ಮೆಟ್ಟಿಕೊಂಡು, ಕಾಕುವಿನ ಜೊತೆ ಬಾಜಾರಕ್ಕೆ ಹೋಗಿ ಬರುತ್ತೇನೆಂದು ಹೋದಳು.

ಮರುದಿನ ಬೆಳಿಗ್ಗೆ ಅತ್ತೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಅಪ್ಪ, ಮಾಮಾ ಚಹಾ ಕುಡಿಯುತ್ತಿದ್ದರು. ಶ್ರದ್ಧಾ ತಲೆ ಮೇಲೆ ಸ್ನಾನ ಮಾಡಿ, ಕೈಯಲ್ಲಿ ತಟ್ಟೆ ಹಿಡಿದು ಬಂದಳು. ದೀಪ, ಕುಂಕುಮ, ಅಕ್ಕಿಕಾಳು, ಪೇಡೆ, ಮತ್ತೆ ಒಂದು ಕೆಂಪು ರಾಖಿ. ಕೋಣೆಯ ನಡುವೆ ಮಣೆ ಹಾಕಿದಳು.

“ದಾದಾ, ಕೂಡು.”

ನಾನು ಕೂತೆ. ಹಣೆಗೆ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ರಾಖಿಯ ಎರಡು ಎಳೆ ಎರಡು ಕೈಯಲ್ಲಿ ಹಿಡಿದು, “ಕೈ ಕೊಡು” ಎಂದಳು.

ಆ ಕ್ಷಣದಲ್ಲಿ ನನಗೆ ಕಂಡ ಉತ್ತರ ಒಂದೇ. ಕಾಕುವಿಗೆ ನಾನು ಬಿಡಿಸಿ ಹೇಳಿದ್ದನ್ನು ಇವಳು ಕೇಳಿದ್ದಾಳೆ, ಅಣ್ಣನೆಂದುಕೊಂಡವನ ಜೊತೆ ಮದುವೆಯೂ ಆಗಬಹುದೆಂದು ತಿಳಿದು ಹೆದರಿದ್ದಾಳೆ. ಬಾಯಿಬಿಟ್ಟು ಬೇಡ ಎನ್ನಲಾರದೆ ಈ ದಾರಿ ಹಿಡಿದಿದ್ದಾಳೆ. ನಾನು ಕೈ ಹಿಂದೆ ಎಳೆದುಕೊಂಡರೆ ಹಿರಿಯರೆಲ್ಲ ನನ್ನ ಕಡೆ, ಅವಳು ಒಬ್ಬಳೇ. ಯಾರಾದರೂ ಬಾಯಿ ತೆರೆಯುವ ಮೊದಲೇ ಬಲಗೈ ಚಾಚಿಬಿಟ್ಟೆ. ಅವಳು ಕಟ್ಟಿದಳು. ಗಂಟು ಹಾಕುವಾಗ ಬೆರಳು ತಣ್ಣಗಿದ್ದವು.

“ಅಯ್ಯ, ಮುಂಬೈದಾಗ ಎಲ್ಲಾರಿಗೂ ಕಟ್ಟತಾರ ಅಣ್ಣಾ, ಅದಕ್ಕೇನು ಅರ್ಥ ಇರಂಗಿಲ್ಲ” ಎಂದು ಅತ್ತೆ ಕೈಯ ಹೂರಣವನ್ನೂ ತೊಳೆಯದೆ ಓಡಿಬಂದಳು. “ಸಂಗೂ, ಬಿಚ್ಚೋ ಅದನ್ನ.” ಅಷ್ಟರಲ್ಲಿ ಕಾಕು ತೆಂಗಿನಕಾಯಿ ಅನ್ನದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಕಣ್ಣರಳಿಸಿ, “ಅರೇ ವಾ, ಭಾಊ ಬಹೀಣ!” ಎಂದಳು. ಅಣ್ಣ ತಂಗಿ. ಇನ್ನು ಚಾಳಿಗೆಲ್ಲ ತಿಳಿಯಲು ಊಟದ ಹೊತ್ತೂ ಬೇಕಿರಲಿಲ್ಲ. ಅಪ್ಪ ನನ್ನ ಕೈಯನ್ನೇ ಬಹಳ ಹೊತ್ತು ನೋಡಿದ. “ಕಟ್ಟಿದ್ದು ಕಟ್ಟಿದಂಗ. ಬಿಡು ತಂಗಿ” ಎಂದ. ಅವ್ವ ಹಸಿರು ಸೀರೆಯನ್ನು ಮತ್ತೆ ಚೀಲದೊಳಗೆ ಇಟ್ಟಳು. ಹೋಳಿಗೆ ಮಾತ್ರ ಎಲ್ಲರೂ ತಿಂದೆವು, ಹೂರಣ ರುಬ್ಬಿ ಆಗಿತ್ತಲ್ಲ.

ಪರೀಕ್ಷೆ ಬಂತು, ಬರೆದೆ. ರಕ್ತಸಂಬಂಧದ ಪ್ರಶ್ನೆಯನ್ನು ಓದದೆಯೇ ಮುಂದೆ ಹೋದೆ. ಆ ವರ್ಷ ಪಾಸಾಗಲಿಲ್ಲ. ಮಳೆ ನಿಲ್ಲುವ ಮೊದಲೇ ಊರಿಗೆ ಮರಳಿದೆ, ಆಮೇಲೆ ಅಲ್ಲಿಂದಲೇ ಬರೆದು ನೌಕರಿ ಹಿಡಿದೆ. ಬೆಳಗಾವಿಯ ಹುಡುಗಿಯನ್ನು ಮದುವೆಯಾದೆ. ಒಳ್ಳೆಯವಳು, ನನ್ನ ಗೊಂದಲಗಳನ್ನು ಸಹಿಸಿಕೊಂಡು ಬಂದಿದ್ದಾಳೆ. ಶ್ರದ್ಧಾ ಠಾಣೆಯ ಒಬ್ಬ ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾದಳು. ಪ್ರತಿ ಶ್ರಾವಣದಲ್ಲೂ ಅವಳ ರಾಖಿ ಅಂಚೆಯಲ್ಲಿ ಬರುತ್ತದೆ, ನನ್ನ ಹೆಂಡತಿಯೇ ಕಟ್ಟುತ್ತಾಳೆ. ಇಷ್ಟು ವರ್ಷ ನಾನು ಒಂದೇ ಒಂದು ವಿಷಯಕ್ಕೆ ಒಳಗೊಳಗೆ ಹೆಮ್ಮೆಪಡುತ್ತಿದ್ದೆ. ಜನ್ಮದಲ್ಲಿ ಒಂದು ಸಲವಾದರೂ ಕೇಳಿದವಳ ತಲೆಯೊಳಗೆ ಹೊಕ್ಕು ಸರಿಯಾದ ಉತ್ತರ ಕೊಟ್ಟೆ ಎಂದು.

ಕಳೆದ ವಾರ ನಾನು ಬರುವುದು ತಿಳಿದು ಶ್ರದ್ಧಾಳೂ ಗಂಡನ ಜೊತೆ ಬಂದಿದ್ದಳು. ಅವನು ಹಾಲ್‌ನಲ್ಲಿ ಮಾಮಾಗೆ ಯಾವುದೋ ಆಫೀಸಿನ ಕಥೆ ಹೇಳುತ್ತಿದ್ದ. ಅವಳು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಒದ್ದೆ ಬಟ್ಟೆಯ ವಾಸನೆ ತಲೆಗೇರಿತ್ತೇನೋ, ಕೇಳಿಯೇ ಬಿಟ್ಟೆ.

“ಶ್ರದ್ಧಾ, ಅವತ್ತು ನೀ ಭಾಳ ಹೆದರಿದ್ದೇನು?”

“ನಾನಾ? ನಾ ಯಾಕ ಹೆದರ್ಲಿ?” ಚಹಾಪುಡಿ ಹಾಕುತ್ತಾ ನಕ್ಕಳು. “ನಿನಗ ಹೆದರಿಕಿ ಆಗಿತ್ತಲ್ಲ. ಕಾಕೂಗ ಛೇ ಛೇ ಅಂದಿದ್ದಿ. ನಾ ಬಾಗಿಲಾಗ ಇದ್ದೆ, ಕೇಳಿದೆ. ಆಮ್ಯಾಲ ನಿನ್ನ ಅಪ್ಪ ಬಂದು ಹೇಳಿದಾಗ ನೀ ತಲೀ ಕೆಳಗ ಹಾಕಿ ಕೂತಿ. ಅಪ್ಪನ ಮುಂದ ಇವ ಬಾಯಿ ತೆಗಿಯಂಗಿಲ್ಲ, ಸಿಕ್ಕಿಬಿದ್ದಾನ, ಫಂಸ್ ಗಯಾ ಬೇಚಾರಾ ಅನ್ಕೊಂಡೆ. ಅದಕ್ಕ ಬಾಜಾರಕ್ಕ ಹೋಗಿ ರಾಖಿ ತಂದೆ. ನಿನ್ನ ಬಚಾಯಿಸಿದೆ.”

ನಾನು ಲೋಟ ಹಿಡಿದುಕೊಂಡು ನಿಂತೆ.

“ಫಿರ್ ಭೀ, ರಾಖಿ ಹಿಡಕೊಂಡು ಥೋಡಾ ರುಕಿ ನಿಂತಿದ್ದೆ” ಎಂದಳು, ಚಹಾ ಸೋಸುತ್ತಾ. “ನೀ ನೋಡಲಿಲ್ಲ ಕಾಣ್ತದ. ಕೈ ಹಿಂದ ತಗೋತಿ ಏನೋ ಅಂತ. ನೀ ಪಟ್ ಅಂತ ಕೊಟ್ಟಿ.”

“ಹಿಂದ ತಗೊಂಡಿದ್ರ?”

ಅವಳು ಕಪ್ಪುಗಳನ್ನು ಒಂದೊಂದಾಗಿ ಟ್ರೇಯಲ್ಲಿ ಜೋಡಿಸಿದಳು.

“ಕಟ್ಟತಿದ್ದಿಲ್ಲ” ಎಂದಳು. ಟ್ರೇ ಎತ್ತಿಕೊಂಡು ಹೊರಗೆ ಹೋದಳು. ಹಾಲ್‌ನಲ್ಲಿ ಅವಳ ಗಂಡ ಕಥೆ ಮುಗಿಸಿದ, ಎಲ್ಲರೂ ನಕ್ಕರು. ಸಂಗೂ, ಚಾ ಆರಾಕತ್ತೈತಿ, ಬಾರೋ ಎಂದು ಅತ್ತೆ ಕೂಗುತ್ತಿದ್ದಳು. ನಾನು ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ಅಲ್ಲೇ ನಿಂತಿದ್ದೆ.